ತಲೆಯ ಮೇಲಿನ ಭಾರ: ಹಳೆಯ ಕಾರಿಗೆ ಕ್ಯಾರಿಯರ್ ಕೂರಿಸುವ ಮುನ್ನ

ನೆತ್ತಿಯ ಮೇಲೆ ಕಬ್ಬಿಣದ ಕ್ಯಾರಿಯರ್ ಇಲ್ಲದ ಅಂಬಾಸಿಡರ್ ಕಾರನ್ನು ಬಾಡಿಗೆಗೆ ಕರೆಯಲು ಜನ ಹಿಂದೆಮುಂದೆ ನೋಡುತ್ತಿದ್ದ ಕಾಲವೊಂದಿತ್ತು. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹೂವಿನಹಡಗಲಿ, ಹರಪನಹಳ್ಳಿ ಸೀಮೆಯಲ್ಲಿ ಕಾರು ಎಂದರೆ ಮಂದಿಯನ್ನಷ್ಟೇ ಒಯ್ಯುವ ವಾಹನವಾಗಿರಲಿಲ್ಲ. ಮದುವೆಯಾದರೆ ಹೆಣ್ಣಿನ ಟ್ರಂಕು, ಪಾತ್ರೆಪಗಡಿ, ಹಾಸಿಗೆ ಸುರುಳಿ ಮೇಲೇರಬೇಕು. ಮೈಲಾರದ ಕಾರಣಿಕಕ್ಕೋ ಕೊಟ್ಟೂರೇಶ್ವರನ ತೇರಿಗೋ ಹೊರಟರೆ ರೊಟ್ಟಿ ಗಂಟು, ಒಲೆ, ಕಂಬಳಿ, ಮಕ್ಕಳ ತೊಟ್ಟಿಲು ಎಲ್ಲವೂ ಮೇಲೆ. ಡಿಕ್ಕಿಯಲ್ಲಿ ಹಿಡಿಯದ್ದು ಕ್ಯಾರಿಯರ್‌ಗೆ, ಕ್ಯಾರಿಯರ್‌ನಲ್ಲಿ ಹಿಡಿಯದ್ದು ಕೂತವರ ತೊಡೆಯ ಮೇಲೆ ಎಂಬುದೇ ಆಗಿನ ಲೆಕ್ಕ.

ಆ ಕಾರುಗಳು ಸ್ಟ್ಯಾಂಡಿನಿಂದ ಮರೆಯಾಗಿವೆ. ಪಶ್ಚಿಮ ಬಂಗಾಳದ ಉತ್ತರಪಾರಾದಲ್ಲಿದ್ದ ಹಿಂದುಸ್ತಾನ್ ಮೋಟಾರ್ಸ್ ಕಾರ್ಖಾನೆ 2014ರ ಮೇ ತಿಂಗಳಲ್ಲಿ ಅಂಬಾಸಿಡರ್ ತಯಾರಿಕೆ ನಿಲ್ಲಿಸಿತು. ಕ್ಯಾರಿಯರ್ ಹೊತ್ತ ಕಪ್ಪು-ಹಳದಿ ಪದ್ಮಿನಿ ಟ್ಯಾಕ್ಸಿ ಮುಂಬೈಯಲ್ಲಿ ಅಧಿಕೃತವಾಗಿ ಓಡಿದ ಕೊನೆಯ ದಿನ 2023ರ ಅಕ್ಟೋಬರ್ 29. ಅವುಗಳ ಜಾಗಕ್ಕೆ ಟ್ರ್ಯಾಕ್ಸ್, ಕ್ರೂಸರ್, ಟಾಟಾ ಏಸ್ ಬಂದು ಬಹಳ ದಿನವಾಯಿತು. ಆದರೂ ದನದ ಕೊಟ್ಟಿಗೆಯ ಪಕ್ಕದ ಶೆಡ್ಡಿನಲ್ಲಿ, ದಲಾಲಿ ಅಂಗಡಿಯ ಹಿತ್ತಲಿನಲ್ಲಿ ಟಾರ್ಪಾಲು ಹೊದ್ದು ನಿಂತ ಒಂದೊಂದು ಹಳೆಯ ಕಾರು ಈ ಕಡೆಗೂ ಇದೆ. ಅಪ್ಪನದೋ ಅಜ್ಜನದೋ ಕಾರನ್ನು ಮತ್ತೆ ಓಡಿಸಬೇಕೆಂದು ಎಂಜಿನ್ ಬಿಚ್ಚಿಸಿ, ಬಣ್ಣ ಹೊಡೆಸಿ, ಸೀಟು ಹೊಲಿಸುವ ಹುಡುಗರೂ ಇದ್ದಾರೆ. ಎಲ್ಲ ಮುಗಿದ ಮೇಲೆ ಅವರನ್ನು ಕಾಡುವುದು ಹಳೆಯ ಫೋಟೊದಲ್ಲಿದ್ದ ಆ ಕ್ಯಾರಿಯರ್. ಅದಿಲ್ಲದೆ ಕಾರು ಬೋಳು ಬೋಳಾಗಿ ಕಾಣುತ್ತದೆ.

ಕ್ಯಾರಿಯರ್ ಹುಡುಕುವುದು, ಕೂರಿಸುವುದು ಮೇಲ್ನೋಟಕ್ಕೆ ಒಂದು ಮಧ್ಯಾಹ್ನದ ಕೆಲಸ. ವೆಲ್ಡಿಂಗ್ ಅಂಗಡಿಗೆ ಕಾರು ಒಯ್ದು ನಾಲ್ಕು ಪೈಪು ಕತ್ತರಿಸಿ ಬೆಸೆದರೆ ಆಯಿತು ಎಂದುಕೊಂಡವರೇ ಹೆಚ್ಚು. ಹಾಗೆ ಮಾಡಿ ಕಾರಿನ ನೆತ್ತಿ ತಗ್ಗಿಸಿಕೊಂಡವರೂ, ಮಳೆಗಾಲದಲ್ಲಿ ಒಳಗೆ ಬಕೆಟ್ ಇಟ್ಟುಕೊಂಡವರೂ ಕಡಿಮೆಯೇನಿಲ್ಲ. ಹಳೆಯ ಕಾರಿಗೆ ಕ್ಯಾರಿಯರ್ ಹಾಕಿಸುವವರು ಎರಡು ಸಂಗತಿ ನೋಡಿಕೊಂಡರೆ ಸಾಕು: ಭಾರ ತಗಡಿನ ಮೇಲೆ ಕೂರಬಾರದು, ಗಟರ್ ಮೇಲೆ ಕೂರಬೇಕು; ಕ್ಯಾರಿಯರ್ ಕಳಚಿಟ್ಟ ದಿನ ಅದು ಇತ್ತೆಂಬ ಗುರುತೂ ಕಾರಿನ ಮೇಲೆ ಉಳಿಯಬಾರದು. ಮಿಕ್ಕ ಮಾತೆಲ್ಲ ಈ ಎರಡರಿಂದಲೇ ಹುಟ್ಟುತ್ತದೆ.

ಮೊದಲು ಗಟರ್ ವಿಚಾರ. ಹಳೆಯ ಕಾರಿನ ಬಾಗಿಲ ಮೇಲ್ತುದಿಯ ಗುಂಟ, ಮುಂದಿನ ಗಾಜಿನ ಮೂಲೆಯಿಂದ ಹಿಂದಿನ ಗಾಜಿನ ಮೂಲೆಯವರೆಗೆ, ಬೆರಳು ಆಡುವಷ್ಟು ಅಗಲದ ಸಣ್ಣ ಕಾಲುವೆ ಓಡುತ್ತದೆ. ನೆತ್ತಿಯ ಮೇಲೆ ಬಿದ್ದ ಮಳೆನೀರು ಬಾಗಿಲ ಒಳಗೆ ಸುರಿಯದಂತೆ ಹಿಂದಕ್ಕೂ ಮುಂದಕ್ಕೂ ಹರಿದುಹೋಗಲಿ ಎಂದು ಮಾಡಿದ್ದು. ಆದರೆ ಅದರ ನಿಜವಾದ ಗಟ್ಟಿತನ ಇರುವುದು ಬೇರೆ ಕಾರಣಕ್ಕೆ. ನೆತ್ತಿಯ ತಗಡೂ ಪಕ್ಕದ ತಗಡೂ ಒಂದರ ಮೇಲೊಂದು ಕೂತು ಸ್ಪಾಟ್ ವೆಲ್ಡ್ ಆಗುವ ಜಾಗವೇ ಅದು. ಎರಡು ಮೂರು ಪದರ ಉಕ್ಕು ಅಲ್ಲಿ ಸೇರುತ್ತದೆ. ಅಲ್ಲಿ ಇಟ್ಟ ಭಾರ ನೇರವಾಗಿ ಬಾಗಿಲ ಕಂಬಗಳಿಗೆ ಇಳಿದು, ಅಲ್ಲಿಂದ ಕಾರಿನ ತಳಕ್ಕೆ ಹೋಗುತ್ತದೆ. ನೆತ್ತಿಯ ನಡುಭಾಗವೋ, ಒಂದು ಮಿಲಿಮೀಟರ್ ಆಸುಪಾಸಿನ ತಗಡು. ಅದು ಬಿಸಿಲು ಮಳೆ ತಡೆಯಲು ಇರುವುದು, ಭಾರ ಹೊರಲು ಅಲ್ಲ.

ಅಂಬಾಸಿಡರ್‌ನಲ್ಲಿ ಈ ಮಾತಿಗೆ ಇನ್ನೂ ತೂಕವಿದೆ. ಬ್ರಿಟನ್ನಿನ ಮಾರಿಸ್ ಆಕ್ಸ್‌ಫರ್ಡ್ ಮೂರನೇ ಸರಣಿಯನ್ನು ಆಧರಿಸಿ 1950ರ ದಶಕದ ಕೊನೆಯಲ್ಲಿ ಬಂದ ಈ ಕಾರಿಗೆ ಲಾರಿಗಿರುವಂತೆ ಬೇರೆ ಚಾಸಿ ಇಲ್ಲ. ತಳ, ಪಕ್ಕ, ಕಂಬ, ನೆತ್ತಿ ಎಲ್ಲ ಸೇರಿ ಒಂದೇ ಚಿಪ್ಪು. ಆ ಚಿಪ್ಪೇ ಚಾಸಿ. ಫಿಯೆಟ್ 1100ರ ವಂಶದ ಪ್ರೀಮಿಯರ್ ಪದ್ಮಿನಿಯೂ ಹಾಗೆಯೇ. ಇಂಥ ಕಾರಿನ ನೆತ್ತಿಗೆ ತೂತು ಕೊರೆದು ಬೋಲ್ಟ್ ಹಾಕುವುದು ಎಂದರೆ ಚಿಪ್ಪಿಗೇ ಕೈ ಹಾಕಿದಂತೆ. ಮದ್ರಾಸಿನ ಸ್ಟ್ಯಾಂಡರ್ಡ್ ಕಂಪನಿಯ ಹೆರಾಲ್ಡ್‌ಗೆ ಬೇರೆ ಚಾಸಿ ಇದೆ, ನಿಜ. ಆದರೆ ಅದರ ನೆತ್ತಿಯೇ ಬೋಲ್ಟ್ ಮೇಲೆ ಕೂತಿರುವಂಥದ್ದು. ಅದರ ಮೇಲೆ ಹೊರೆ ಹೇರುವ ಆಸೆ ಬೇಡ. ಇನ್ನು 1930ರ ದಶಕಕ್ಕೂ ಹಿಂದಿನ ಕಾರು ಯಾರ ಪುಣ್ಯಕ್ಕಾದರೂ ಸಿಕ್ಕಿದ್ದರೆ ಗಮನಿಸಿ: ಅಮೆರಿಕದ ಜನರಲ್ ಮೋಟಾರ್ಸ್ ಇಡೀ ಉಕ್ಕಿನ ನೆತ್ತಿಯ ಕಾರುಗಳನ್ನು ದೊಡ್ಡ ಪ್ರಮಾಣದಲ್ಲಿ ತಂದದ್ದು 1935ರ ಮಾದರಿಗಳಲ್ಲಿ. ಅದಕ್ಕೂ ಹಿಂದಿನ ಬಹುತೇಕ ಕಾರುಗಳ ನೆತ್ತಿಯ ನಡುವೆ ಮರದ ಪಟ್ಟಿ, ಮೇಲೆ ಬಟ್ಟೆ. ಅವುಗಳಲ್ಲಿ ಸಾಮಾನು ಹೊರುವ ಜಾಗ ಕಾರಿನ ಹಿಂದೆ ಮಡಚುವ ಚೌಕಟ್ಟಿನಲ್ಲಿತ್ತು, ನೆತ್ತಿಯ ಮೇಲಲ್ಲ. ಹಳೆಯದು ಎಂದ ಮಾತ್ರಕ್ಕೆ ಎಲ್ಲಕ್ಕೂ ಕ್ಯಾರಿಯರ್ ಒಪ್ಪುವುದಿಲ್ಲ.

ಈಗಿನ ಕಾರುಗಳಲ್ಲಿ ಗಟರ್ ಕಾಣುವುದಿಲ್ಲ. ನೆತ್ತಿ-ಪಕ್ಕದ ಸಂದನ್ನು ಒಳಗೇ ತಗ್ಗಿನಲ್ಲಿ ಬೆಸೆದು ಮೇಲೆ ರಬ್ಬರ್ ಪಟ್ಟಿ ಮುಚ್ಚುತ್ತಾರೆ. ಆದ್ದರಿಂದ ಇಂದು ಅಂಗಡಿಯಲ್ಲಿ ಥಳಥಳಿಸುವ ಅಲ್ಯುಮಿನಿಯಂ ಕ್ಯಾರಿಯರ್‌ಗಳ ಕಾಲು ಬಾಗಿಲ ಸಂದಿಗೋ ರೂಫ್ ರೇಲ್‌ಗೋ ಹಿಡಿಯುವಂಥವು. ಹಳೆಯ ಕಾರಿಗೆ ಅದನ್ನು ತಂದು ಬಾಗಿಲ ಸಂದಿಗೆ ಸಿಕ್ಕಿಸಿದರೆ ಬಾಗಿಲೂ ಮುಚ್ಚುವುದಿಲ್ಲ, ಬಣ್ಣವೂ ಉಳಿಯುವುದಿಲ್ಲ. ಸ್ವೀಡನ್ನಿನ ಥೂಲಿಯಂಥ ದೊಡ್ಡ ಕಂಪನಿಗಳು ಗಟರ್‌ಗೆ ಹಿಡಿಯುವ ಕಾಲುಗಳನ್ನೂ ಪ್ರತ್ಯೇಕವಾಗಿ ಮಾಡಿವೆ. ಆದರೆ ಅವುಗಳ ಬೆಲೆ ಕೇಳಿದರೆ ಕಾರಿಗಿಂತ ಕ್ಯಾರಿಯರ್ ಹೆಚ್ಚಾಯಿತು ಎನಿಸುತ್ತದೆ.

ಕಾರು ಎಷ್ಟು ಹಳೆಯದು, ಅದರ ಕಾಗದ ಏನು ಹೇಳುತ್ತದೆ ಎಂಬುದನ್ನು ಕ್ಯಾರಿಯರ್ ಹುಡುಕುವ ಮೊದಲೇ ನೋಡಿಕೊಳ್ಳಬೇಕು. ಕೇಂದ್ರ ಸರ್ಕಾರ 2021ರ ಜುಲೈನಲ್ಲಿ ಮೋಟಾರು ವಾಹನ ನಿಯಮಗಳಿಗೆ ತಂದ ತಿದ್ದುಪಡಿಯ ಪ್ರಕಾರ, ಮೊದಲ ನೋಂದಣಿಯಾಗಿ 50 ವರ್ಷ ದಾಟಿದ, ಮೂಲ ರೂಪದಲ್ಲೇ ಉಳಿಸಿಕೊಂಡ ವಾಹನ ವಿಂಟೇಜ್ ಎನಿಸಿಕೊಳ್ಳುತ್ತದೆ. ಚಾಸಿ, ಬಾಡಿ ಶೆಲ್, ಎಂಜಿನ್‌ನಲ್ಲಿ ಗಣನೀಯ ಬದಲಾವಣೆ ಆಗಿರಬಾರದು. ಹೊಸದಾಗಿ ಹೀಗೆ ನೋಂದಾಯಿಸಲು ಶುಲ್ಕ 20,000 ರೂಪಾಯಿ, ಮರುನೋಂದಣಿಗೆ 5,000. ನೋಂದಣಿ 10 ವರ್ಷಕ್ಕೆ ಸಲ್ಲುತ್ತದೆ. ಹೊಸ ನಂಬರಿನಲ್ಲಿ ರಾಜ್ಯದ ಅಕ್ಷರಗಳ ಜೊತೆ ‘ವಿಎ’ ಎಂದು ಸೇರುತ್ತದೆ. ಹಿಂದೆಯೇ ನೋಂದಾಯಿತವಾದ ಕಾರು ತನ್ನ ಹಳೆಯ ನಂಬರನ್ನೇ ಉಳಿಸಿಕೊಳ್ಳಬಹುದು. 1962ರಿಂದ 1975ರವರೆಗೆ ಬಂದ, ಚೌಕಳಿ ಗ್ರಿಲ್ಲಿನ ಮಾರ್ಕ್ 2 ಅಂಬಾಸಿಡರ್‌ಗಳು ಈ 50ರ ಗೆರೆ ದಾಟಿವೆ ಅಥವಾ ದಾಟುತ್ತಿವೆ. ಆಮೇಲಿನ ಮಾರ್ಕ್ 3, ಮಾರ್ಕ್ 4 ಕಾರುಗಳಲ್ಲಿ ಹೆಚ್ಚಿನವು ಇನ್ನೂ ಕಾಯಬೇಕು.

ಇದರಲ್ಲಿ ಕ್ಯಾರಿಯರ್‌ಗೆ ಸಂಬಂಧಿಸಿದ ಎರಡು ಎಳೆಗಳಿವೆ. ವಿಂಟೇಜ್ ಎಂದು ನೋಂದಾಯಿಸಿದ ಕಾರನ್ನು ದಿನಬಳಕೆಗಾಗಲೀ ಬಾಡಿಗೆಗಾಗಲೀ ರಸ್ತೆಗಿಳಿಸುವಂತಿಲ್ಲ. ಪ್ರದರ್ಶನ, ರ‍್ಯಾಲಿ, ತಾಂತ್ರಿಕ ಸಂಶೋಧನೆ, ದುರಸ್ತಿ, ಇಂಧನ ತುಂಬಿಸುವುದು ಇಂಥದ್ದಕ್ಕೆ ಮಾತ್ರ ಅವಕಾಶ. ಅಂದರೆ ಆ ಕಾರಿನ ಕ್ಯಾರಿಯರ್ ಮೇಲೆ ಶೇಂಗಾ ಚೀಲ ಏರುವ ಪ್ರಶ್ನೆಯೇ ಇಲ್ಲ. ಹಳೆಯ ತೊಗಲಿನ ಪೆಟ್ಟಿಗೆಯೊಂದನ್ನು ಕಟ್ಟಿ ರ‍್ಯಾಲಿಗೆ ಹೋದರೆ ಅದೇ ಹೆಚ್ಚು. ಅಷ್ಟಕ್ಕಾಗಿ ಬಾಡಿ ಶೆಲ್‌ಗೆ ತೂತು ಕೊರೆಸಿ, ‘ಮೂಲ ರೂಪ’ ಎಂಬ ಮಾತಿಗೇ ಕುತ್ತು ತಂದುಕೊಳ್ಳುವುದು ಬುದ್ಧಿವಂತಿಕೆಯಲ್ಲ.

50 ತುಂಬದ ಹಳೆಯ ಕಾರುಗಳಿಗೆ ಸಾಮಾನ್ಯ ಕಾನೂನೇ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ, ತಯಾರಕರು ಕೊಟ್ಟ ಮೂಲ ವಿವರಕ್ಕೆ ವಿರುದ್ಧವಾಗಿ ವಾಹನವನ್ನು ಬದಲಿಸುವಂತಿಲ್ಲ ಎನ್ನುತ್ತದೆ. ಕೇರಳದ ಪ್ರಕರಣವೊಂದರಲ್ಲಿ 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಒತ್ತಿ ಹೇಳಿತು. ಕೊರೆದು, ಬೆಸೆದು ಕಾಯಂ ಮಾಡಿದ ಕ್ಯಾರಿಯರ್ ಈ ಕಲಮಿನ ಕಣ್ಣಿಗೆ ಬೀಳುವುದು ಸುಲಭ. ಗಟರ್‌ಗೆ ಕ್ಲ್ಯಾಂಪ್ ಹಾಕಿ, ಸ್ಪ್ಯಾನರಿನಿಂದ ಹತ್ತು ನಿಮಿಷದಲ್ಲಿ ಇಳಿಸಬಹುದಾದದ್ದು ಕಾರಿನ ಅಂಗವಲ್ಲ, ಸಾಮಾನು ಎಂದು ವಾದಿಸಲು ಜಾಗವಿರುತ್ತದೆ. ಎಫ್‌ಸಿಗೋ ನೋಂದಣಿ ನವೀಕರಣಕ್ಕೋ ಹೊಸಪೇಟೆಯ ಆರ್‌ಟಿಒ ಕಚೇರಿಗೆ ಹೋಗುವ ದಿನ ಅದನ್ನು ಮನೆಯಲ್ಲೇ ಬಿಟ್ಟು ಹೋಗಿ.

ಹರಪನಹಳ್ಳಿಯ ಕಾರಿನವರಿಗೆ ಇನ್ನೊಂದು ಗಂಟು. 1997ರಲ್ಲಿ ದಾವಣಗೆರೆ ಜಿಲ್ಲೆ ಆದಾಗ ಬಳ್ಳಾರಿ ಬಿಟ್ಟ ತಾಲ್ಲೂಕು ಅದು. ಎರಡು ದಶಕದ ಮೇಲೆ ಮತ್ತೆ ಬಳ್ಳಾರಿಗೆ ಮರಳಿ, 2021ರಲ್ಲಿ ವಿಜಯನಗರ ಜಿಲ್ಲೆಯ ಪಾಲಾಯಿತು. ಹೀಗಾಗಿ ಒಂದೇ ಓಣಿಯಲ್ಲಿ ಬಳ್ಳಾರಿಯ ಕೆಎ-34, ದಾವಣಗೆರೆಯ ಕೆಎ-17, ಹೊಸಪೇಟೆಯ ಕೆಎ-35 ಮೂರೂ ನಂಬರಿನ ಗಾಡಿ ಕಾಣಬಹುದು. ಊರು ಅಲ್ಲೇ ಇದೆ, ಕಾರೂ ಅಲ್ಲೇ ನಿಂತಿದೆ, ಕಡತ ಮಾತ್ರ ಊರೂರು ಸುತ್ತಿದೆ. ಮೊದಲ ನೋಂದಣಿಯ ದಿನಾಂಕವೇ 50 ವರ್ಷದ ಲೆಕ್ಕಕ್ಕೆ ಆಧಾರವಾದ್ದರಿಂದ ಹಳೆಯ ಆರ್‌ಸಿ ಪುಸ್ತಕವನ್ನು ಇಲಿಗೆ ಬಿಡದೆ ಕಾಪಾಡಿಕೊಳ್ಳಿ. ಬಣ್ಣಕ್ಕೆ ಸಾವಿರಾರು ಸುರಿದು ಕಾಗದಕ್ಕೆ ಕವರು ಹಾಕಿಸದವರನ್ನು ನೋಡಿದರೆ ನಗು ಬರುತ್ತದೆ.

ಇನ್ನು ಹುಡುಕಾಟ. ಅಂಬಾಸಿಡರ್, ಪದ್ಮಿನಿಗೆಂದೇ ಮಾಡಿದ ಹಳೆಯ ಕ್ಯಾರಿಯರ್‌ಗಳು ಸಿಗುವ ಜಾಗ ಗುಜರಿ. ಟ್ಯಾಕ್ಸಿಗಳನ್ನು ಒಡೆದಾಗ ಎಂಜಿನ್ ಒಬ್ಬರ ಕಡೆ, ಬಾಗಿಲು ಇನ್ನೊಬ್ಬರ ಕಡೆ ಹೋಗುತ್ತದೆ. ಕ್ಯಾರಿಯರ್ ತೂಕದ ಕಬ್ಬಿಣದ ರಾಶಿಗೆ ಬೀಳುತ್ತದೆ. ಹುಬ್ಬಳ್ಳಿ, ದಾವಣಗೆರೆಯ ಗುಜರಿಗಳಲ್ಲಿ ಆಗಾಗ ಕೇಳುತ್ತಿದ್ದರೆ, ಬೆಂಗಳೂರಿನ ಶಿವಾಜಿನಗರದ ಸಂದಿಗಳಲ್ಲಿ ಒಂದು ಸುತ್ತು ಹಾಕಿದರೆ ಒಂದಲ್ಲ ಒಂದು ದಿನ ಕಣ್ಣಿಗೆ ಬೀಳಬಹುದು. ಸಿಕ್ಕಾಗ ಹೊಳಪು ನೋಡಬೇಡಿ, ಕಾಲು ನೋಡಿ. ಪ್ರತಿ ಕಾಲಿನ ತಳ ಗಟರ್‌ನೊಳಗೆ ಕೂರುವಷ್ಟು ಕಿರಿದಾಗಿದೆಯೇ? ಕೊಕ್ಕೆಯ ಹಲ್ಲು ಸವೆದಿದೆಯೇ? ಬೋಲ್ಟಿನ ಮರೆ ಉಳಿದಿದೆಯೇ? ಪೈಪು ತುಕ್ಕಾಗಿದ್ದರೆ ಉಜ್ಜಿ ಬಣ್ಣ ಹೊಡೆಯಬಹುದು. ಆದರೆ ಪೈಪಿನ ಬಾಯಿ ಮುಚ್ಚದೆ ಬಿಟ್ಟಿದ್ದರೆ ಒಳಗೆ ನೀರು ನಿಂತು ಕೊಳೆತಿರುತ್ತದೆ. ಬೆರಳಿನಿಂದ ತಟ್ಟಿದರೆ ಸದ್ದೇ ಹೇಳುತ್ತದೆ.

ರಬ್ಬರ್ ಬಟ್ಟಲುಗಳ ಮೇಲೆ ಕೂರುವ, ಪಟ್ಟಿಯಿಂದ ಬಿಗಿಯುವ ಒಂದು ಜಾತಿಯ ಕ್ಯಾರಿಯರ್ ಇದೆ. ನಾಲ್ಕೂ ಬಟ್ಟಲು ತಗಡಿನ ಮೇಲೆಯೇ ಒತ್ತುತ್ತವೆ. ಬಿಟ್ಟಿ ಸಿಕ್ಕರೂ ಬೇಡ.

ಹೊಸದಾಗಿ ಮಾಡಿಸುವುದಾದರೆ ಊರಲ್ಲೇ ಸಾಕು. ಟ್ರ್ಯಾಕ್ಟರ್ ಟ್ರೇಲರ್ ಕಟ್ಟುವ, ಮನೆಯ ಗೇಟು ಮಾಡುವ ವೆಲ್ಡಿಂಗ್ ಅಂಗಡಿಗಳು ಐದೂ ತಾಲ್ಲೂಕಿನಲ್ಲಿವೆ. ತೊಂದರೆ ಅವರ ಕೈಚಳಕದ್ದಲ್ಲ, ಅವರ ರೂಢಿಯದು. ಟ್ರೇಲರ್ ಕಟ್ಟಿದ ಕೈಗೆ ‘ಗಟ್ಟಿ’ ಎಂದರೆ ದಪ್ಪ. 40 ಮಿಲಿಮೀಟರ್ ಅಗಲ, 5 ಮಿಲಿಮೀಟರ್ ದಪ್ಪದ ಆಂಗಲ್ ಮೀಟರಿಗೆ ಸುಮಾರು 3 ಕೆಜಿ ತೂಗುತ್ತದೆ. ಒಂದು ಕ್ಯಾರಿಯರ್‌ಗೆ 12 ಮೀಟರ್ ಬೇಕೆಂದರೆ 36 ಕೆಜಿ. ಸಾಮಾನು ಏರುವ ಮೊದಲೇ ಕಾರು ಸುಸ್ತು. ಅದೇ ಒಂದಂಗುಲ ಹೊರವ್ಯಾಸದ, 16 ಗೇಜಿನ ಪೈಪು ಮೀಟರಿಗೆ ಒಂದು ಕೆಜಿಗೂ ಚೂರು ಕಡಿಮೆ. ಅದೇ 12 ಮೀಟರಿಗೆ 11 ಕೆಜಿ ಚಿಲ್ಲರೆ. ಟೊಳ್ಳು ಪೈಪು ತೂಕಕ್ಕೆ ಹೋಲಿಸಿದರೆ ಬಾಗದಿರುವ ಗುಣದಲ್ಲಿ ಗಟ್ಟಿ ಸರಳಿಗಿಂತ ಮೇಲು. ಅಂಗಡಿಯವರು “ಸಾರ್, ಇದು ತೆಳುವಾಯ್ತು” ಎಂದರೆ ನಗುತ್ತಲೇ “ತೆಳುವೇ ಇರಲಿ” ಎನ್ನಿ.

ಕ್ಲ್ಯಾಂಪು ಸಿಗದವರಿಗೆ ಒಂದು ಉಪಾಯ. ಮಾರುತಿ ಓಮ್ನಿಗೂ ಟ್ರ್ಯಾಕ್ಸ್‌ಗೂ ಗಟರ್ ಇದೆ. ಅವುಗಳ ಕ್ಯಾರಿಯರ್ ಕಾಲು, ಕೊಕ್ಕೆಗಳು ಇನ್ನೂ ಬಿಡಿಯಾಗಿ ಸಿಗುತ್ತವೆ. ಓಮ್ನಿಯ ಇಡೀ ಕ್ಯಾರಿಯರ್ ತಂದು ಅಂಬಾಸಿಡರ್ ಮೇಲೆ ಇಡಲು ಹೋಗಬೇಡಿ. ಓಮ್ನಿಯ ಮೈ ಅಗಲ 1.4 ಮೀಟರ್, ಅಂಬಾಸಿಡರ್‌ನದು 1.66. ಕಾಲುಗಳನ್ನಷ್ಟೇ ತಂದು, ಅಡ್ಡಪೈಪನ್ನು ನಿಮ್ಮ ಕಾರಿನ ಅಳತೆಗೆ ಹೊಸದಾಗಿ ಹಾಕಿಸಿಕೊಳ್ಳಿ.

ಅಳತೆ ಎಂದೆ. ನೆತ್ತಿ ಚೌಕವಲ್ಲ. ಎಡಗಟರ್‌ನಿಂದ ಬಲಗಟರ್‌ಗೆ ಮುಂಬಾಗಿಲ ಮೇಲೆ ಒಂದು ಅಳತೆ, ಹಿಂಬಾಗಿಲ ಮೇಲೆ ಇನ್ನೊಂದು. ಎರಡನ್ನೂ ಬೇರೆ ಬೇರೆ ಬರೆದುಕೊಳ್ಳಬೇಕು. ಒಂದೇ ಅಳತೆಗೆ ಎರಡೂ ಪೈಪು ಕತ್ತರಿಸಿದರೆ ಒಂದು ಕಡೆ ಕಾಲು ಗಟರ್‌ನ ಹೊರಗೆ ಜೋತು ಬೀಳುತ್ತದೆ ಇಲ್ಲವೇ ಒಳಗೆ ಒತ್ತಿ ನೆತ್ತಿಯ ಅಂಚು ಬಗ್ಗಿಸುತ್ತದೆ. ನೆತ್ತಿಯ ಉಬ್ಬು ಎಷ್ಟೆಂದು ತಿಳಿಯಲು ಎರಡೂ ಗಟರ್‌ಗೆ ಅಡ್ಡಲಾಗಿ ದಾರ ಎಳೆದು ಹಿಡಿಯಿರಿ. ದಾರ ಎಲ್ಲಿ ಎಷ್ಟು ತಾಗುತ್ತದೆಂದು ಗುರುತು ಹಾಕಿ. ಕಾಲಿನ ಎತ್ತರ ಆ ಉಬ್ಬನ್ನು ದಾಟಿ ಮೇಲೆ ಮೂರು ಸೆಂಟಿಮೀಟರಾದರೂ ಉಳಿಯಬೇಕು. ಸಾಮಾನು ಹೇರಿದಾಗ ಪೈಪು ತುಸು ಬಾಗುತ್ತದೆ, ಗುಂಡಿಗೆ ಬಿದ್ದಾಗ ಇನ್ನೂ ಬಾಗುತ್ತದೆ. ಹಾಗಂತ ಅರ್ಧ ಅಡಿ ಎತ್ತರ ಮಾಡಿಸಿದರೆ ಗಾಳಿಗೂ ತೂಗಾಟಕ್ಕೂ ಆಹ್ವಾನ ಕೊಟ್ಟಂತೆ.

ಈಗ ನಿಜವಾದ ಕೆಲಸ: ಗಟರ್‌ನ ತಪಾಸಣೆ. ನಮ್ಮ ಕಡೆ ಕಡಲ ಗಾಳಿ ಇಲ್ಲ, ಆದ್ದರಿಂದ ಮಂಗಳೂರು, ಕಾರವಾರದ ಕಾರುಗಳಂತೆ ಇಲ್ಲಿನ ಕಾರು ತುಕ್ಕು ತಿಂದಿರುವುದಿಲ್ಲ. ನಮ್ಮ ಕಾರುಗಳ ರೋಗ ಬೇರೆ. ನಾಲ್ಕೈದು ಸಲ ಬಣ್ಣ ಕಂಡ ಕಾರಿನ ಗಟರ್‌ನಲ್ಲಿ ಪುಟ್ಟಿ, ಬಣ್ಣ, ಕೆಂಪು ಧೂಳು ಪದರ ಪದರವಾಗಿ ತುಂಬಿರುತ್ತದೆ. ಮೇಲಿನಿಂದ ನುಣ್ಣಗೆ ಕಾಣುತ್ತದೆ, ಕ್ಲ್ಯಾಂಪು ಕೂಡ ಬಿಗಿಯಾಗಿ ಕಚ್ಚುತ್ತದೆ. ಕಚ್ಚಿರುವುದು ಉಕ್ಕನ್ನಲ್ಲ, ಪುಟ್ಟಿಯನ್ನು. ಹತ್ತಾರು ಗುಂಡಿ ದಾಟಿದ ಮೇಲೆ ಪುಟ್ಟಿ ಹಕ್ಕಳೆ ಎದ್ದು ಉದುರುತ್ತದೆ, ಕ್ಲ್ಯಾಂಪು ಸಡಿಲಾಗುತ್ತದೆ, ಸಾಮಾನು ಸಮೇತ ಕ್ಯಾರಿಯರ್ ಮುಂದಕ್ಕೆ ಜಾರುತ್ತದೆ.

ಪತ್ತೆ ಮಾಡುವುದು ಕಷ್ಟವಲ್ಲ. ಹಳೆಯ ಸ್ಪೀಕರಿನ ಅಯಸ್ಕಾಂತದ ಚೂರೊಂದನ್ನು ತೆಳುವಾದ ಬಟ್ಟೆಯಲ್ಲಿ ಸುತ್ತಿ ಗಟರ್ ಗುಂಟ ಎಳೆಯುತ್ತ ಹೋಗಿ. ಉಕ್ಕು ಇರುವಲ್ಲಿ ಅದು ಹಿಡಿದು ನಿಲ್ಲುತ್ತದೆ. ಪುಟ್ಟಿ ದಪ್ಪವಾಗಿರುವಲ್ಲಿ ಕೈಬಿಡುತ್ತದೆ. ಕೈಬಿಟ್ಟ ಜಾಗಗಳಿಗೆ ಸೀಮೆಸುಣ್ಣದ ಗುರುತು ಹಾಕಿ, ಮರದ ಚಾಣದಿಂದ ಮೆಲ್ಲಗೆ ಕೆರೆಯಿರಿ. ಕಬ್ಬಿಣದ ಉಳಿ ಬೇಡ. ಕೆಳಗೆ ಗಟ್ಟಿ ಉಕ್ಕು ಕಂಡರೆ ಪ್ರೈಮರ್ ಹೊಡೆದು, ಸಂದಿಗೆ ಹೊಸ ಸೀಲಂಟ್ ಎಳೆದು, ಬಣ್ಣ ಮಾಡಿ. ಸ್ಕ್ರೂಡ್ರೈವರಿನ ತುದಿ ಒತ್ತಿದರೆ ಒಳಗೆ ಇಳಿಯುತ್ತದೆಯೇ? ಕಂದು ಪುಡಿ ಉದುರುತ್ತದೆಯೇ? ಹಾಗಿದ್ದರೆ ಕ್ಯಾರಿಯರ್ ಮಾತು ಅಲ್ಲಿಗೆ ನಿಲ್ಲಿಸಿ ಟಿಂಕರ್ ಕೆಲಸ ಮಾಡಿಸಿ. ಗಟರ್ ಕೊಳೆತ ಕಾರಿಗೆ ಕ್ಯಾರಿಯರ್ ಹಾಕುವುದು ಹಲ್ಲು ಅಲ್ಲಾಡುವವನಿಗೆ ಕಬ್ಬು ಕೊಟ್ಟ ಹಾಗೆ.

ವೆಲ್ಡಿಂಗ್ ಎಲ್ಲವೂ ನೆಲದ ಮೇಲೆ ನಡೆಯಲಿ, ಕಾರಿನ ಮೇಲೆ ಬೇಡವೇ ಬೇಡ. ಅಳತೆ ನೋಡಲು ಎರಡು ಚುಕ್ಕೆ ಹಾಕುತ್ತೇನೆಂದು ಹೇಳಿ ಅಂಗಡಿಯವರು ಕಾರಿನ ನೆತ್ತಿಯ ಮೇಲೆಯೇ ಹೋಲ್ಡರ್ ಎತ್ತುತ್ತಾರೆ. ಒಂದು ಕಿಡಿ ಗಾಜಿನ ಮೇಲೆ ಬಿದ್ದರೆ ಅಳಿಸಲಾಗದ ಕಪ್ಪು ಚುಕ್ಕೆ. ನೆತ್ತಿಯ ತಗಡು ಕಾದರೆ ಒಳಗಿನ ಬಟ್ಟೆ, ಅದರ ಮೇಲಿನ ಹಳೆಯ ನಾರಿನ ಹೊದಿಕೆ ಹೊಗೆಯಾಡಲು ಹೆಚ್ಚು ಹೊತ್ತು ಬೇಡ. ಚೌಕಟ್ಟನ್ನು ಬೆಸೆಯದೆ ಸುಮ್ಮನೆ ಇಟ್ಟು ಅಳತೆ ನೋಡಿ, ಇಳಿಸಿ, ಬೆಸೆದು, ಮತ್ತೆ ಏರಿಸಿ ನೋಡುವುದೇ ಸರಿ. ಹತ್ತು ಸಲ ಏರಿಳಿಸಿದರೂ ಪರವಾಗಿಲ್ಲ.

ಕಾಲುಗಳನ್ನು ಎಲ್ಲಿಡಬೇಕು? ಗಟರ್ ಬಾಗಿಲ ಬಾಗಿನ ಜೊತೆ ಮುಂದಕ್ಕೂ ಹಿಂದಕ್ಕೂ ಇಳಿಯುತ್ತದೆ. ಇಳಿಜಾರಿನಲ್ಲಿ ಕೂತ ಕಾಲು ಬ್ರೇಕ್ ಹಾಕಿದಾಗ ಜಾರುತ್ತದೆ. ಆದ್ದರಿಂದ ಗಟರ್ ಸಮತಟ್ಟಾಗಿರುವ ಭಾಗದಲ್ಲೇ ಕಾಲುಗಳು ನಿಲ್ಲಬೇಕು. ಒಂದು ಜೋಡಿ ನಡುಕಂಬದ ಹತ್ತಿರಕ್ಕೆ ಬಂದರೆ ಒಳ್ಳೆಯದು; ಮುಂದಿನ ಜೋಡಿಗೂ ಹಿಂದಿನ ಜೋಡಿಗೂ ನಡುವೆ 70 ಸೆಂಟಿಮೀಟರಾದರೂ ಅಂತರ ಇರಲಿ. ಕಾಲಿನ ತಳಕ್ಕೆ ಸೈಕಲ್ ಟ್ಯೂಬಿನ ತೆಳು ಚೂರು ಸಾಕು. ಬಣ್ಣ ಉಳಿಯಲೆಂದು ದಪ್ಪ ರಬ್ಬರ್ ಇಟ್ಟರೆ ಅದು ದಿನ ಕಳೆದಂತೆ ಅಮುಕಿಕೊಂಡು ಬೋಲ್ಟು ಸಡಿಲಾಗುತ್ತದೆ. ಬಿಗಿಯುವಾಗ ಒಂದು ಕಡೆಯನ್ನು ಪೂರ್ತಿ ಬಿಗಿದು ಇನ್ನೊಂದಕ್ಕೆ ಹೋಗಬೇಡಿ. ಎಡಕ್ಕೊಂದು ಸುತ್ತು, ಬಲಕ್ಕೊಂದು ಸುತ್ತು. ಉದ್ದ ಸ್ಪ್ಯಾನರ್ ತಂದು ಬಲ ತೋರಿಸಿದರೆ ಗಟರ್‌ನ ತುಟಿ ಮಡಚಿಕೊಳ್ಳುತ್ತದೆ. ಕೊನೆಗೆ ನಾಲ್ಕೂ ಬಾಗಿಲು ತೆರೆದು ಮುಚ್ಚಿ ನೋಡಿ. ಕೊಕ್ಕೆಯ ತುದಿ ಬಾಗಿಲ ಅಂಚಿಗೆ ಉಜ್ಜುತ್ತಿದ್ದರೆ ಒಂದೇ ವಾರದಲ್ಲಿ ಬಣ್ಣ ಹೋಗಿ ಗೆರೆ ಬೀಳುತ್ತದೆ. ಕೊಟ್ಟೂರಿನಲ್ಲಿ ಬಿಗಿದ ಬೋಲ್ಟನ್ನು ಕೂಡ್ಲಿಗಿ ತಲುಪಿದ ಮೇಲೆ ಇನ್ನೊಮ್ಮೆ ನೋಡಬೇಕು. ಮೊದಲ ಓಟದಲ್ಲಿ ಎಲ್ಲವೂ ತನ್ನ ಜಾಗಕ್ಕೆ ಕೂತು ಅರ್ಧ ಸುತ್ತಾದರೂ ಸಡಿಲಾಗಿರುತ್ತದೆ.

ಎಷ್ಟು ಭಾರ ಹೊರಿಸಬಹುದು? ನನ್ನ ತೀರ್ಪು: ಕ್ಯಾರಿಯರ್‌ನ ತೂಕವೂ ಸೇರಿ 50 ಕೆಜಿ. ಟ್ಯಾಕ್ಸಿ ಕಾಲದಲ್ಲಿ ಇದರ ಮೂರು ಪಟ್ಟು ಹೇರುತ್ತಿದ್ದರಲ್ಲ ಎಂದು ಹಿರಿಯರು ನಗಬಹುದು. ಹೇರುತ್ತಿದ್ದರು, ಹೌದು; ಆಗ ಕಾರಿಗೆ ಹತ್ತು ವರ್ಷ, ಈಗ 50. ಆಗ ರಸ್ತೆಯಲ್ಲಿ 40 ಕಿಲೋಮೀಟರ್ ವೇಗ ದೊಡ್ಡದು, ಈಗ ಕೂಡ್ಲಿಗಿಯ ಮಗ್ಗುಲಲ್ಲೇ ರಾಷ್ಟ್ರೀಯ ಹೆದ್ದಾರಿ 50 ಚತುಷ್ಪಥವಾಗಿ ಹಾದುಹೋಗಿದೆ. ಹಿಂದಿನಿಂದ ಬರುವ ಲಾರಿಗೆ ನಿಮ್ಮ ಕಾರಿನ ವಯಸ್ಸು ಗೊತ್ತಿಲ್ಲ.

ವೇಗದ ಲೆಕ್ಕ ಸ್ವಲ್ಪ ಬಿಡಿಸಿ ಹೇಳಬೇಕು. ವೇಗ ಎರಡು ಪಟ್ಟಾದರೆ ಗಾಳಿಯ ಒತ್ತಡ ನಾಲ್ಕು ಪಟ್ಟಾಗುತ್ತದೆ. ಗಂಟೆಗೆ 80 ಕಿಲೋಮೀಟರ್ ವೇಗದಲ್ಲಿ ಎದುರು ಬರುವ ಗಾಳಿ ಒಂದು ಚದರ ಮೀಟರ್ ಮೇಲೆ ಸುಮಾರು 30 ಕೆಜಿ ಭಾರ ಇಟ್ಟಷ್ಟು ಒತ್ತುತ್ತದೆ. 40ರಲ್ಲಿ ಅದು ಏಳೆಂಟು ಕೆಜಿ ಮಾತ್ರ. ಮೀಟರ್ ಅಗಲ, ಮೊಳದಷ್ಟು ಎತ್ತರದ ಗಂಟನ್ನು ಕಟ್ಟಿದ್ದರೆ 80ರ ವೇಗದಲ್ಲಿ ಗಾಳಿ ಅದನ್ನು ಹಿಂದಕ್ಕೆ 12 ಕೆಜಿಗೂ ಹೆಚ್ಚಿನ ಬಲದಿಂದ ತಳ್ಳುತ್ತಿರುತ್ತದೆ. ಚಪ್ಪಟೆ ಸಾಮಾನು ಇನ್ನೂ ಅಪಾಯ. ತಗಡು, ಪ್ಲೈವುಡ್, ಹಾಸಿಗೆ ಇವು ಮುಂದಿನ ಅಂಚು ಒಂದಿಷ್ಟು ಮೇಲೆದ್ದರೂ ಸಾಕು, ರೆಕ್ಕೆಯಂತೆ ಮೇಲಕ್ಕೆ ಎಳೆಯುತ್ತವೆ. ಆಗ ಕ್ಲ್ಯಾಂಪಿನ ಕೆಲಸ ಭಾರ ಹೊರುವುದಲ್ಲ, ಹಾರದಂತೆ ಹಿಡಿಯುವುದು. ಹರಪನಹಳ್ಳಿ, ಕೂಡ್ಲಿಗಿಯ ಗುಡ್ಡಗಳ ಮೇಲೆ ಗಾಳಿಯಂತ್ರ ನೆಟ್ಟವರು ಸುಮ್ಮನೆ ನೆಟ್ಟಿಲ್ಲ. ಆಷಾಢದಲ್ಲಿ ಅಡ್ಡಗಾಳಿ ಬೀಸಿದಾಗ ಬರಿಯ ಕಾರೇ ರಸ್ತೆಯಲ್ಲಿ ಓಲಾಡುತ್ತದೆ.

ಬ್ರೇಕ್ ಹಾಕಿದಾಗ ಈ ಬಲ ತಿರುಗಿ ಮುಂದಕ್ಕೆ. ಜೋರಾಗಿ ಬ್ರೇಕ್ ಒತ್ತಿದರೆ 40 ಕೆಜಿ ಸಾಮಾನು 24 ಕೆಜಿಯಷ್ಟು ಬಲದಿಂದ ಮುಂದೆ ನುಗ್ಗಲು ನೋಡುತ್ತದೆ. ಹಳೆಯ ಅಂಬಾಸಿಡರ್‌ಗೆ ನಾಲ್ಕೂ ಚಕ್ರಕ್ಕೆ ಡ್ರಮ್ ಬ್ರೇಕು. ನಿಲ್ಲಲು ಮೊದಲೇ ಹೊತ್ತು ಬೇಕು. ಇನ್ನು ಎತ್ತರದ ಮಾತು. ಸುಮಾರು 1,150 ಕೆಜಿ ತೂಗುವ ಕಾರಿನ ನೆತ್ತಿಯ ಮೇಲೆ 60 ಕೆಜಿ ಇಟ್ಟರೆ ಇಡೀ ಗಾಡಿಯ ಭಾರಕೇಂದ್ರ ಅಂದಾಜು ಐದಾರು ಸೆಂಟಿಮೀಟರ್ ಮೇಲೇರುತ್ತದೆ; 150 ಕೆಜಿ ಇಟ್ಟರೆ 13 ಸೆಂಟಿಮೀಟರ್. ಉಚ್ಚಂಗಿದುರ್ಗದ ಕಡೆಯ ತಿರುವಿನಲ್ಲಿ ಆ ವ್ಯತ್ಯಾಸ ಸ್ಟಿಯರಿಂಗ್ ಹಿಡಿದವರ ಕೈಗೆ ನೇರ ತಿಳಿಯುತ್ತದೆ.

ಕಟ್ಟುವುದರಲ್ಲಿ ಲಾರಿ ಕ್ಲೀನರ್‌ಗಳನ್ನು ಮೀರಿಸಿದವರಿಲ್ಲ. ಕುಣಿಕೆಯೊಳಗೆ ಹಗ್ಗ ತೂರಿಸಿ ಎಳೆದು ಬಿಗಿಯುವ ಅವರ ಗಂಟನ್ನು ಕಲಿತುಕೊಳ್ಳಿ. ಪ್ಲಾಸ್ಟಿಕ್ ಹಗ್ಗ ನಮ್ಮ ಬೇಸಿಗೆಯ ಬಿಸಿಲಿಗೆ ಕಾದ ತಗಡಿನ ಮೇಲೆ ಮೆತ್ತಗಾಗಿ ಹಿಗ್ಗುತ್ತದೆ. ಟ್ಯೂಬಿನ ರಬ್ಬರ್ ಪಟ್ಟಿ ಸಾಮಾನು ಅಲುಗಾಡಲು ಬಿಡುತ್ತದೆ. ಗೊಣಸು ಇರುವ ನೇಯ್ದ ಪಟ್ಟಿ ಎಲ್ಲಕ್ಕಿಂತ ನಂಬಿಗಸ್ತ. ಹಳೆಯ ಕಾರಿನ ಒಂದು ಅನುಕೂಲ, ಅದರ ಬಂಪರ್ ಉಕ್ಕಿನದು. ಸಾಮಾನಿನ ಮುಂತುದಿಯಿಂದ ಬಂಪರಿನ ಬ್ರಾಕೆಟ್ಟಿಗೆ ಇನ್ನೊಂದು ಹಗ್ಗ ಇಳಿಸಿ ಕಟ್ಟಿದರೆ ಕ್ಲ್ಯಾಂಪು ಕೈಕೊಟ್ಟರೂ ಸಾಮಾನು ರಸ್ತೆಗೆ ಬೀಳುವುದಿಲ್ಲ. ಹಡಗಲಿಯ ಮಲ್ಲಿಗೆ ಬುಟ್ಟಿಯಂಥ ಹಗುರ ಸಾಮಾನಾದರೂ ಮೇಲೆ ಬಲೆ ಹೊದಿಸಿ. ಊರೊಳಗಿನ ರಸ್ತೆಗಳಲ್ಲಿ ಬಳ್ಳಾರಿ ಜಾಲಿಯ ಟೊಂಗೆಗಳು ಎರಡೂ ಕಡೆಯಿಂದ ಬಾಗಿರುತ್ತವೆ. ಮುಳ್ಳಿಗೆ ಸಿಕ್ಕ ಗಂಟು ಒಂದು ಕಡೆಗೆ ಎಳೆದುಕೊಂಡರೆ ಕ್ಯಾರಿಯರ್‌ಗೇ ತಿರುಚು ಬೀಳುತ್ತದೆ.

ಕಾನೂನಿನ ಕೊನೆಯ ಎರಡು ಮಾತು. ಮೈಯಿಂದ ಪಕ್ಕಕ್ಕೆ, ಮುಂದಕ್ಕೆ, ಹಿಂದಕ್ಕೆ ಅಥವಾ ಮಿತಿ ಮೀರಿ ಎತ್ತರಕ್ಕೆ ಚಾಚಿದ ಸಾಮಾನಿಗೆ ಮೋಟಾರು ವಾಹನ ಕಾಯ್ದೆಯ 2019ರ ತಿದ್ದುಪಡಿಯ ನಂತರ ದಂಡ 20,000 ರೂಪಾಯಿ. ಹೆಚ್ಚುವರಿ ಸಾಮಾನು ಇಳಿಸುವ ಖರ್ಚು ಬೇರೆ. ಇನ್ನು ವಾಹನದ ನೆತ್ತಿಯ ಮೇಲೆ ಮನುಷ್ಯರು ಪ್ರಯಾಣಿಸುವುದನ್ನು ಅದೇ ಕಾಯ್ದೆಯ 123ನೇ ಕಲಂ ನಿಷೇಧಿಸಿದೆ. ಜಾತ್ರೆಯ ದಿನ ಕ್ರೂಸರ್ ಕ್ಯಾರಿಯರ್ ಮೇಲೆ ಹುಡುಗರು ಕಾಲು ಇಳಿಬಿಟ್ಟು ಕೂತು ಹೋಗುವುದು ನಮ್ಮ ಕಡೆ ಯಾರ ಕಣ್ಣಿಗೂ ಅಪರಾಧವಾಗಿ ಕಾಣುವುದಿಲ್ಲ. ಹಳೆಯ ಕಾರಿನ ಕ್ಯಾರಿಯರ್ ಮೇಲಂತೂ ಫೋಟೊಗೆಂದು ನಿಂತ ಕಾರಿನಲ್ಲಿಯೂ ಮಗುವನ್ನು ಕೂರಿಸಬೇಡಿ. ಪೈಪು ಬಾಗಿ ತಗಡು ಒಮ್ಮೆ ಒಳಸೇರಿದರೆ ಅದನ್ನು ಮೇಲೆತ್ತಲು ಒಳಗಿನ ಬಟ್ಟೆಯೆಲ್ಲ ಬಿಚ್ಚಬೇಕು.

ಪಯಣ ಮುಗಿದ ಮೇಲೆ ಕ್ಯಾರಿಯರ್ ಇಳಿಸಿ, ಗಟರ್ ಒರೆಸಿ, ಕಾಲಿನ ರಬ್ಬರ್ ಒಣಗಲು ಬಿಡಿ. ರಬ್ಬರ್ ಕೆಳಗೆ ನಿಂತ ತೇವವೇ ಮುಂದಿನ ವರ್ಷದ ತುಕ್ಕು. 50 ಕೆಜಿ ಮೀರಿದ ಹೊರೆ ಇದ್ದರೆ ಸ್ಟ್ಯಾಂಡಿನಲ್ಲಿ ನಿಂತ ಟಾಟಾ ಏಸ್ ಒಂದನ್ನು ಮಾತಾಡಿಕೊಳ್ಳಿ. ಅಪ್ಪನ ಕಾರು ಅದರ ಹಿಂದೆ ನಿಧಾನಕ್ಕೆ ಬರಲಿ.